ಕಣ್ಣಿನ ಹಿತ್ತಲು

ನಮ್ಮೂರಿಗೆ ಬೇಕೆಂದು ಬಂದವರು ಕಡಿಮೆ. ದಾರಿ ತಪ್ಪಿ ಬಂದು, ಒಂದು ದಿನ ಉಳಿದು, ಬೆಳಗಾಗೆದ್ದು "ಏನ್ರೀ, ನಿಮ್ಮೂರಾಗ ಏನೋ ಕುಂಯ್ ಕುಂಯ್ ಅಂತೈತಲ್ರಿ?" ಎಂದು ಕೇಳಿ ಹೋದವರೇ ಹೆಚ್ಚು. "ಎದುರುಮನಿ ಹುಡುಗನ ಮೊಣಕಾಲ್ರಿ, ನಿನ್ನೆ ಬಿದ್ದಾನ" ಎಂದು ನಾವು ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ. ಅವರು ನಮ್ಮ ಮುಖವನ್ನೊಮ್ಮೆ ನೋಡಿ, ಕೊಟ್ಟ ಚಹಾವನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತುತ್ತಾರೆ. ಹೋಗಲಿ ಬಿಡಿ, ಬಂದವರಿಗೆಲ್ಲ ಬಿಡಿಸಿ ಹೇಳುತ್ತ ಕೂರಲು ನನಗೀಗ ತ್ರಾಣವಿಲ್ಲ.

ನಮ್ಮಲ್ಲಿ ಗಾಯಗಳು ಕೂಗುತ್ತವೆ. ಮೈಯ ಯಾವ ಭಾಗಕ್ಕೆ ಉಸಿರು ಸಾಲದೋ ಅದು ಕೂಗುತ್ತದೆ. ಕೂಗು ಕೇಳಿದ ರಕ್ತನಾಳಗಳು ಚಿಗುರೊಡೆದು ಅತ್ತ ಹೊರಡುತ್ತವೆ. ಹೋಗಿ ಮುಟ್ಟಿದ ಮೇಲೆ ಕೂಗು ತಾನಾಗಿ ನಿಲ್ಲುತ್ತದೆ, ಗಾಯ ಮಾಯುತ್ತದೆ. ಮಕ್ಕಳ ಗಾಯಗಳದು ದೊಡ್ಡ ಬಾಯಿ. ಶಾಲೆ ಬಿಟ್ಟ ಹೊತ್ತಿನಲ್ಲಿ ನಮ್ಮ ಓಣಿಯಲ್ಲಿ ನಿಂತರೆ ಹುಡುಗರಿಗಿಂತ ಅವರ ಮೊಣಕಾಲುಗಳ ಗದ್ದಲವೇ ಜಾಸ್ತಿ. ವಯಸ್ಸಾದಂತೆ ದನಿ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಗಾಯಗಳಿಗಂತೂ ದನಿಯೇ ಇರುವುದಿಲ್ಲ, ಬಾಯಿ ತೆರೆದುಕೊಂಡು ಮೂಗರಂತೆ ಬಿದ್ದಿರುತ್ತವೆ. ಆಗ ಜನ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ನಾನು ಕರೆಯುವವಳು. ಹೆಸರು ಕಾಶವ್ವ. ಕಸುಬು ತಾಯಿಯಿಂದ ಬಂದದ್ದು. ಗಾಯದ ಹತ್ತಿರ ಬಾಯಿ ಒಯ್ದು, ಅದರ ದನಿ ಇದ್ದಿದ್ದರೆ ಹೇಗಿರುತ್ತಿತ್ತೋ ಅದೇ ದನಿಯಲ್ಲಿ ಅದರ ಪರವಾಗಿ "ಬಾ, ಬಾ" ಎಂದು ಕರೆಯುವುದು ನಮ್ಮ ಕೆಲಸ. ಹಿಮ್ಮಡಿಯದು ದಪ್ಪ ದನಿ, ಬೆರಳಿನದು ಸಣ್ಣದು, ತಲೆಯದು ಅವಸರದ್ದು. ಊರಿನ ಅರ್ಧ ಮಂದಿಯ ಪಾದದ ಬಳಿ ನಾನು ಕೂತಿದ್ದೇನೆ. ಸಂತೆಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಮೊದಲು ಅವರ ಕಾಲು ನೋಡುತ್ತೇನೆ, ಆಮೇಲೆ ಹೆಸರು ನೆನಪಾಗುತ್ತದೆ. ಪುಣ್ಯದ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ಪುಣ್ಯ ಎಲ್ಲಿ ಕೂಡಿಬಿದ್ದಿದೆಯೋ ನಾನರಿಯೆ, ಗಂಟಲಂತೂ ಬಿದ್ದುಹೋಗಿದೆ, ಸೊಂಟವೂ ಹೋಗಿದೆ. ಊಟಕ್ಕೆ ಕೂತಾಗಲೂ ಕಿವಿಯಲ್ಲಿ ಯಾರದೋ ಹಿಮ್ಮಡಿ ಗೊಣಗುತ್ತಿರುತ್ತದೆ.

ಕರೆಯುವವರಿದ್ದ ಮೇಲೆ ಸುಮ್ಮನಿರಿಸುವವರೂ ಬೇಕು. ಮೈಯಲ್ಲಿ ಕೆಟ್ಟ ಗಂಟೊಂದು ಬೆಳೆಯಿತೆನ್ನಿ, ಅದರ ಕೂಗಿನಷ್ಟು ಸವಿಯಾದ ಕೂಗು ಇನ್ನೊಂದಿಲ್ಲ. ರಕ್ತನಾಳಗಳು ಮರುಳಾಗಿ ಅದಕ್ಕೇ ಉಣಿಸುತ್ತ ಹೋಗುತ್ತವೆ, ಉಂಡಷ್ಟೂ ಅದು ಕರೆಯುತ್ತದೆ. ಅಂಥಲ್ಲಿ ಮಾಬುಬಿಯಂಥವರು ಹೋಗಿ ಕೂತು "ಶ್, ಬ್ಯಾಡ, ಬ್ಯಾಡ" ಎನ್ನುತ್ತಾರೆ. ಅವರು ಕೆಲಸಕ್ಕೆ ಕೂರುವ ಮುನ್ನ ಕಿವಿಗೆ ಹತ್ತಿ ತುರುಕಿಕೊಳ್ಳಬೇಕು, ಅದು ಅವರಲ್ಲಿ ನೇಮ. ಕೇಳಿಸಿಕೊಂಡರೆ ಕರುಣೆ ಬರುತ್ತದೆ, ಕರುಣೆ ಬಂದರೆ ಬಾಯಿ ಕಟ್ಟುತ್ತದೆ. ವರ್ಷಗಟ್ಟಲೆ ಹತ್ತಿ ಇಟ್ಟು ಇಟ್ಟು ಮಾಬುಬಿಗೆ ಈಗ ಹತ್ತಿ ತೆಗೆದರೂ ಗಾಯದ ದನಿ ಕೇಳುವುದಿಲ್ಲ. ನನಗೂ ಅವಳಿಗೂ ಹುಡುಗಿಯರಾಗಿದ್ದಾಗಿನಿಂದ ಗೆಳೆತನ. ಆದರೆ ಒಂದೇ ಮನೆಗೆ ಇಬ್ಬರೂ ಕೆಲಸಕ್ಕೆ ಹೋಗುವುದಿಲ್ಲ. ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಯುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಣ್ಣಿನ ಮುಂದಿನ ತಿಳಿಪೊರೆ ಮಾತ್ರ ಯಾರ ಹಂಗೂ ಇಲ್ಲದೆ ಹುಟ್ಟಿದಾಗಿನಿಂದ ತಾನೇ "ಬೇಡ, ಬೇಡ" ಎನ್ನುತ್ತಿರುತ್ತದೆ. ನಾಳ ಹೊಕ್ಕರೆ ಅದರ ತಿಳಿ ಕೆಡುತ್ತದಲ್ಲ, ಅದಕ್ಕೆ. ಮುಖಕ್ಕೆ ಮುಖ ತಂದರೆ ದುಂಬಿಯ ಗುಂಯ್‌ಗಾಟದಷ್ಟು ಸಣ್ಣಗೆ ಕೇಳುತ್ತದೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಅಡಿವೆಪ್ಪ "ನಿನ್ನ ಕಣ್ಣು ನನಗ ಬ್ಯಾಡ ಬ್ಯಾಡ ಅಂತಾವಲ್ಲಲೇ" ಎಂದು ಕಾಡಿಸುತ್ತಿದ್ದರು. "ನಿಮ್ಮವೇನು ಬಾ ಅಂತಾವೇನು?" ಎನ್ನುತ್ತಿದ್ದೆ. ಕಣ್ಣು ಕೆಡಬಾರದೆಂದೇ ಕರೆಯುವ ಮುನ್ನ ರೋಗಿಯ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟುವುದು ನಮ್ಮ ಕಸುಬಿನ ಮೊದಲ ಪಾಠ. ಕಾಲಿಗೆ ಕರೆದದ್ದು ಕಣ್ಣಿಗೆ ಕೇಳಬಾರದು.

ಅಡಿವೆಪ್ಪ ಟೇಲರ್. ಮನೆಯ ಪಡಸಾಲೆಯೇ ಅಂಗಡಿ. ಮದುವೆಯಾದಾಗಿನಿಂದ ಬಿಡುವಿನ ಹೊತ್ತಿನಲ್ಲಿ ನಾನು ಅವರ ಮಷೀನಿನ ಬುಡದಲ್ಲಿ ಚಾಪೆ ಹಾಸಿ ಕೂತು ಕಾಜಾ ಹೊಲಿಯುತ್ತೇನೆ. ಮಷೀನಿನ ಮುಂದೆ ಕೂತರೆ ತಲೆ ಎತ್ತದೆಯೇ ಬೀದಿಯಲ್ಲಿ ಯಾರು ಹೋದರು, ಯಾರ ಹೊಟ್ಟೆ ಎಷ್ಟು ಬಂದಿದೆ, ಯಾರ ಅಂಗಿಯ ಹೊಲಿಗೆ ಇನ್ನೆರಡು ದಿನದಲ್ಲಿ ಬಿಚ್ಚಲಿದೆ ಎಂದು ಹೇಳಬಲ್ಲ ಮನುಷ್ಯ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಪಥ್ಯ ಮಾಡಿರೆಂದರೆ "ಸಕ್ಕರಿ ಒಳಗ ಐತಿ ಅಂತ ಡಾಕ್ಟರೇ ಹೇಳ್ಯಾರ, ಹೊರಗಿಂದು ಸ್ವಲ್ಪ ಹೋದ್ರ ಏನಾತು?" ಎಂದು ಜಿಲೇಬಿ ಬಾಯಿಗಿಡುತ್ತಿದ್ದರು. ನಾನೂ ಹೇಳಿ ಹೇಳಿ ಬೇಸತ್ತು ಬಿಟ್ಟಿದ್ದೆ.

ಶಾಲೆ ಶುರುವಾಗುವ ಹಂಗಾಮು. ಯೂನಿಫಾರಂ ಬಟ್ಟೆ ರಾಶಿ ಬಿದ್ದಿತ್ತು. ಒಂದು ಬೆಳಿಗ್ಗೆ ಮಷೀನಿನ ಕೆಳಗಿನ ಚೂರುಪಾರು ಗುಡಿಸುತ್ತಿದ್ದೆ. ಕಾಲಿನಿಂದ ತುಳಿಯುವ ಕಬ್ಬಿಣದ ಪೆಡ್ಲು ಒದ್ದೆಯಾಗಿತ್ತು. ಮುಟ್ಟಿದರೆ ಅಂಟು, ಮೂಸಿದರೆ ನಾತ. ಅವರ ಎಡಗಾಲು ಎತ್ತಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಗಾಯ, ಒಳಗೆ ಬಿಳಿಚಿಕೊಂಡು ತೆರೆದಿತ್ತು. ಸದ್ದಿಲ್ಲ.

"ಇದು ಯಾವಾಗಾತು?" ಎಂದೆ.

"ಯಾವುದು?" ಎಂದು ಅವರು ಬಗ್ಗಿ, ಬೇರೆ ಯಾರದೋ ಕಾಲು ನೋಡುವವರಂತೆ ನೋಡಿದರು. "ಪೆಡ್ಲಿನ ಅಂಚು ಬಡದಿರಬೇಕು. ಕೂಗಲೇ ಇಲ್ಲ ನೋಡಲೇ ಇದು."

ದೀಪದ ಬುಡದಲ್ಲಿ ಕತ್ತಲೆ ಎನ್ನುವುದನ್ನು ನನಗೆ ಮೊದಲು ಹೇಳಿದವಳು ಮಾಬುಬಿ, ಆಮೇಲೆ ಇಡೀ ಓಣಿ ಹೇಳಿತು. ಊರಿನ ದವಾಖಾನೆಯ ಡಾಕ್ಟರ್ ಬಾಯಿ, ಹೊರಗಿನಿಂದ ಬಂದು ನಮ್ಮ ಗದ್ದಲಕ್ಕೆ ಹೊಂದಿಕೊಂಡ ಹೆಣ್ಣುಮಗಳು, ಗಾಯ ತೊಳೆದು, ಸತ್ತ ಚರ್ಮ ತೆಗೆದು, ಗುಳಿಗೆ ಬರೆದುಕೊಟ್ಟರು. "ಇನ್ನು ನಿಮ್ಮ ಕೆಲಸ, ಕಾಶವ್ವ" ಎಂದರು. ಬೇರೆ ಕರೆಯುವವರನ್ನು ಕರೆಸೋಣವೆಂದರೆ ಅಡಿವೆಪ್ಪ ಒಪ್ಪಲಿಲ್ಲ. "ಮನ್ಯಾಗ ಗಂಗಾಳ ಇಟ್ಕೊಂಡು ಮಂದಿ ಮನ್ಯಾಗ ಉಣ್ಣಾಕ ಹೋಗೂದೇನು?" ಎಂದರು.

ಹೀಗೆ ಊರಿನವರ ಕಾಲು ಮುಗಿಸಿ ಬಂದು ಮನೆಯ ಕಾಲಿಗೆ ಕೂರತೊಡಗಿದೆ. ಕಣ್ಣಿಗೆ ಒದ್ದೆ ಬಟ್ಟೆ ಬಿಗಿಯಾಗಿ ಕಟ್ಟಿ, ಸ್ಟೂಲಿನ ಮೇಲೆ ಕಾಲು ಇಡಿಸಿ, ಕೆಳಗೆ ಚಾಪೆಯಲ್ಲಿ ಕೂತು ಕರೆದೆ. ಪರರ ಗಾಯಕ್ಕೆ ಕರೆಯುವಾಗ ಗಂಟಲಷ್ಟೇ ದಣಿಯುತ್ತದೆ. ಗಂಡನ ಗಾಯಕ್ಕೆ ಕರೆಯುವಾಗ ಹೊಟ್ಟೆಯೊಳಗಿಂದ ಏನೋ ಎಳೆದುಕೊಂಡು ಬಂದಂತಾಗುತ್ತಿತ್ತು. ಎಷ್ಟೋ ದಿನ ಗೋಡೆಗೆ ಮಾತಾಡಿದಂತೆ ಆಯಿತು. ಆಮೇಲೊಂದು ಸಂಜೆ ಗಾಯದ ಅಂಚಿನಲ್ಲಿ ಕೆಂಪು ಹರಳು ಹರಳಾಗಿ ಹೊಸ ಮಾಂಸ ಕಂಡಿತು. ರಾಗಿ ಕಾಳಿನಷ್ಟು. ಮೈಯೆಲ್ಲ ಕಣ್ಣಾಗಿ ನೋಡಿದೆ. ಅಂದು ಅವರಿಗೆ ನಾನೇ ಒಂದು ಚಮಚ ಪಾಯಸ ಕೊಟ್ಟೆನೆಂದರೆ ನನ್ನ ಸಂತೋಷ ಎಷ್ಟಿತ್ತೆಂದು ತಿಳಿಯಿರಿ.

ಆ ಸಂತೋಷದ ಬೆನ್ನಿಗೇ ಇನ್ನೊಂದು ಬಂತು. ಬಿಳಿ ಅಂಗಿಗೆ ಗುಂಡಿ ಹಚ್ಚುತ್ತಿದ್ದವರು ಬಟ್ಟೆಯ ಮೇಲಿನಿಂದ ಏನನ್ನೋ ಚಿವುಟಿ ಚಿವುಟಿ ಎಸೆಯುತ್ತಿದ್ದರು.

"ಏನ್ ತಗೀತೀರಿ?"

"ಕರೀ ದಾರ ಬಿದ್ದಾವಲ್ಲ."

ನಾನು ಹತ್ತಿರ ಹೋಗಿ ನೋಡಿದೆ. ಅಂಗಿ ಹಾಲಿನಂತಿತ್ತು. "ಎಲ್ಲೈತ್ರಿ ದಾರ?"

ಅವರು ಕೈ ನಿಲ್ಲಿಸಿದರು. ಗೋಡೆ ನೋಡಿದರು, ನನ್ನ ಮುಖ ನೋಡಿದರು, ಬಾಗಿಲಾಚೆ ಆಕಾಶ ನೋಡಿದರು. "ಎಲ್ಲಾ ಕಡೆ ಐತೆಲೇ" ಎಂದರು ಮೆಲ್ಲಗೆ.

ಮಾಬುಬಿ ಬಂದು ಅವರ ಕಣ್ಣಿಗೆ ಮುಖ ಒಡ್ಡಿದಳು. ತಿಳಿಪೊರೆಯ ಬೇಡ ಬೇಡ ಎಂದಿನಂತೆ ಚೆನ್ನಾಗಿಯೇ ಇದೆ ಎಂದಳು. ಗಾಯದ ದನಿ ಕೇಳದಿದ್ದರೂ ತನ್ನ ಕಸುಬಿನ ಆ ಒಂದು ಮಾತು ಅವಳಿಗೆ ಕೇಳುತ್ತದೆ. ಹಾಗಾದರೆ ಕೆಟ್ಟದ್ದೇನು? ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಬಾಯಿ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ಕಣ್ಣಿನ ಹಿಂದುಗಡೆ ಒಂದು ಪರದೆ ಇದೆ ಕಾಶವ್ವ. ನಿಜವಾಗಿ ನೋಡೋದು ಅದು. ಸಕ್ಕರೆಯಿಂದ ಅಲ್ಲಿನ ಸಣ್ಣ ನಾಳಗಳು ಎಷ್ಟೋ ಮುಚ್ಚಿಹೋಗಿವೆ. ಅಂಚು ಹಸಿದಿದೆ, ಹಸಿದು ಕರೀತಿದೆ. ಕರೆ ಕೇಳಿ ಹೊಸ ನಾಳಗಳು ಬಂದಿವೆ, ಆದರೆ ಅವಸರಕ್ಕೆ ಹುಟ್ಟಿದವು, ಗಟ್ಟಿಯಿಲ್ಲ, ಸೋರ್ತಿವೆ. ಇವರಿಗೆ ದಾರದ ಹಾಗೆ ಕಾಣ್ತಿರೋದು ಆ ರಕ್ತ."

"ಕಣ್ಣಿಗೆ ಬಟ್ಟಿ ಕಟ್ಟಿದ್ನೆಲ್ರಿ ಬಾಯಾರ? ದಿನಾ ಬಿಗಿದು ಕಟ್ಟಿದ್ದೆ."

"ಬಟ್ಟೆ ಮುಂದೆ ಕಟ್ಟಿದ್ರಿ."

ಕಣ್ಣಿಗೂ ಒಂದು ಹಿತ್ತಲಿದೆ ಎಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ತಾಯಿಗೂ, ಅವಳ ತಾಯಿಗೂ ಗೊತ್ತಿರಲಿಲ್ಲ. ಮುಂಬಾಗಿಲಿಗೆ ಚಿಲಕ ಹಾಕಿಕೊಂಡು ನಾವೆಲ್ಲ ನೆಮ್ಮದಿಯಾಗಿದ್ದೆವು. ನಾನು ಕಾಲಿನ ಬಳಿ ಕೂತು ಎಳೆದೆಳೆದು ಕರೆದದ್ದು ಮೈಯೆಲ್ಲ ಹಾದು, ಹಿತ್ತಲಲ್ಲಿ ಹಸಿದು ಪಿಸುಗುಡುತ್ತಿದ್ದವರಿಗೆ ಕೇಳಿ, ಅವರೂ ನನ್ನ ದನಿಗೆ ದನಿ ಕೂಡಿಸಿದ್ದರು. ಡಾಕ್ಟರ್ ಬಾಯಿ ನನ್ನನ್ನು ದೂರಲಿಲ್ಲ. ದೂರಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

"ಬೇರೆ ಊರುಗಳಲ್ಲಿ ಇದೆಲ್ಲ ಸದ್ದಿಲ್ಲದೆ ನಡೆಯುತ್ತೆ" ಎಂದರು ಅವರು. "ಹಸಿದ ಜಾಗ ಒಂದು ಪ್ರೋಟೀನು ಬಿಡುತ್ತೆ, ಅದು ನಾಳಗಳನ್ನ ಕರೆಯುತ್ತೆ. ಸಾಕು ಅನ್ನೋ ಪ್ರೋಟೀನುಗಳೂ ಇವೆ. ಎರಡೂ ಸಮತೂಕದಲ್ಲಿದ್ದರೆ ಮೈ ಸುಖವಾಗಿರುತ್ತೆ. ಕರೆಯೋದನ್ನ ಹಿಡಿದುಹಾಕೋ ಔಷಧವನ್ನ ಕಣ್ಣೊಳಕ್ಕೇ ಸೂಜಿಯಲ್ಲಿ ಕೊಡ್ತಾರೆ. ನಿಮ್ಮೂರಿನವರಿಗೆ ಕೊಟ್ಟು ನೋಡಿದೀನಿ, ಹತ್ತೋದಿಲ್ಲ. ಇಲ್ಲಿ ದನಿಗೆ ದನಿಯೇ ಮದ್ದು."

ಹಾಗಾಗಿ ನಮ್ಮ ಹಿರಿಯರು ಬೇಡವೆಂದದ್ದನ್ನೇ ಮಾಡಿದೆವು. ಬೆಳಿಗ್ಗೆ ಕಾಲಿಗೆ ನಾನು, ಸಂಜೆ ಕಣ್ಣಿಗೆ ಮಾಬುಬಿ. ಬೆಳಿಗ್ಗೆ ನಾನು ಬಾ ಎಂದದ್ದನ್ನು ಸಂಜೆ ಅವಳು ಬ್ಯಾಡ ಎಂದು ಅಳಿಸುತ್ತಿದ್ದಳು. ಬಾಗಿಲಲ್ಲಿ ಎದುರಾದಾಗ ಇಬ್ಬರೂ ತಪ್ಪು ಮಾಡಿದವರಂತೆ ಮುಖ ತಿರುವುತ್ತಿದ್ದೆವು. ಅಡಿವೆಪ್ಪನಿಗೆ ಇದೊಂದು ತಮಾಷೆ. "ಒಬ್ಬಾಕಿ ಬಾ ಅಂತಾಳ, ಒಬ್ಬಾಕಿ ಬ್ಯಾಡ ಅಂತಾಳ, ಇಬ್ಬರು ಹೆಂಡರ ನಡುವ ಸಿಕ್ಕಂಗಾಗೇತಿ" ಎಂದು ನಗುತ್ತಿದ್ದರು. ಕಾಲಿನ ಕೆಂಪು ಹರಳು ಮಾಸಿದವು. ಕಣ್ಣಿನ ದಾರಗಳು ಹೋಗಿ ಜೇಡರ ಬಲೆ ಬಂತು. ಅತ್ತ ದರಿ, ಇತ್ತ ಪುಲಿ.

ಅದನ್ನೂ ಅವರೇ ಬಿಡಿಸಿದರು. ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ, "ಕಾಲು ಹೋದ್ರ ಮಷೀನಿಗೆ ಮೋಟರ್ ಹಚ್ಚಿಸಬಹುದು. ಕಣ್ಣಿಗೆ ಮೋಟರ್ ಎಲ್ಲಿಂದ ತರೂದು? ಕರಿಯೂದು ಬಿಡು" ಎಂದರು. ನಾನು ಉಣ್ಣುವುದನ್ನು ನಿಲ್ಲಿಸಿದೆ. ಅವರು ನನ್ನ ಗಂಗಾಳಕ್ಕೆ ತಾವೇ ಪಲ್ಯ ಹಾಕಿ, "ಉಣ್ಣು. ನಿನಗೂ ದಣಿವಾಗೇತಿ" ಎಂದರು.

ಕರೆಯುವುದನ್ನು ಬಿಟ್ಟೆ. ಮಾಬುಬಿ ಎರಡೂ ಹೊತ್ತು ಬಂದು ಕೂತಳು. ಜೇಡರ ಬಲೆ ತುಸು ತೆಳುವಾಯಿತು. ಕಾಲಿನ ಹೆಬ್ಬೆರಳು ನೇರಳೆ ಬಣ್ಣಕ್ಕೆ ತಿರುಗಿ, ಆಮೇಲೆ ಇದ್ದಲಾಯಿತು. ನಾನು ಅದೇ ಮನೆಯಲ್ಲಿ ಓಡಾಡಿಕೊಂಡಿದ್ದೆ. ಬಾಯಲ್ಲಿ ಕರೆ ಇಟ್ಟುಕೊಂಡು ನುಂಗುತ್ತ ಅಡುಗೆ ಮಾಡಿದೆ. ಹಸಿದ ಕೂಸಿನ ಮುಂದೆ ಎದೆ ಮುಚ್ಚಿಕೊಂಡು ಕೂತ ತಾಯಿಯ ಗತಿ ನನ್ನದಾಗಿತ್ತು. ಆ ದಿನಗಳಲ್ಲಿ ನನಗೆ ಯಾರ ಮೇಲೂ ಪ್ರೀತಿ ಇರಲಿಲ್ಲ, ಅವರ ಮೇಲೆ ಕೂಡ. ಬರೀ ಸುಸ್ತಿತ್ತು.

ಡಾಕ್ಟರ್ ಬಾಯಿ ಹೆಬ್ಬೆರಳು ತೆಗೆದರು. ತೆಗೆದು ಪಟ್ಟಿ ಕಟ್ಟಿ ನಮ್ಮಿಬ್ಬರನ್ನೂ, ಮಾಬುಬಿಯನ್ನೂ ಕೂರಿಸಿಕೊಂಡರು. "ಬೆರಳು ತೆಗೆದೆ ಅಂತ ಮುಗೀಲಿಲ್ಲ. ತೆಗೆದ ಜಾಗ ಮಾಯಬೇಕು. ಮಾಯಬೇಕು ಅಂದ್ರೆ ಅಲ್ಲಿಗೆ ಹೊಸ ನಾಳ ಬರಬೇಕು. ಕರೀದೇ ಇದ್ರೆ ಪಾದ ಹೋಗುತ್ತೆ, ಆಮೇಲೆ ಮೊಣಕಾಲು. ಅಷ್ಟರಲ್ಲಿ ಅವರೇ ಇರ್ತಾರೋ ಇಲ್ಲವೋ ನಾನು ಹೇಳಲಾರೆ."

"ಕರದ್ರ ಕಣ್ಣು ಹೋಗತಾವಲ್ರಿ" ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿತು.

ಮಾಬುಬಿ ಕಿವಿಯ ಹತ್ತಿ ತೆಗೆದು ಬೆರಳಲ್ಲಿ ಹೊಸೆಯುತ್ತಿದ್ದಳು. "ನನ್ನಿಂದ ಇನ್ನ ಆಗಂಗಿಲ್ರಿ ಬಾಯಾರ" ಎಂದಳು. "ಗಂಟು ಕೂಗಿದ್ರ ಗದರಸತೀನಿ, ಅದು ಹೊಟ್ಟಿ ತುಂಬಿದ್ರೂ ಕೂಗೂ ಜಾತಿ. ಇವು ಖರೇನ ಹಸದಾವಂತ ನೀವ ಹೇಳೀರಿ. ಹಸದಾವಕ್ಕ ಎಷ್ಟು ದಿನ ಸುಮ್ನಿರ್ರಿ ಅನ್ಲಿ? ನಾ ಎದ್ದು ಹ್ವಾದ ಕೂಡ್ಲೇ ಮತ್ತ ಶುರು ಮಾಡತಾವ."

ಡಾಕ್ಟರ್ ಬಾಯಿ ತಲೆಯಾಡಿಸಿದರು. "ಇನ್ನೊಂದು ದಾರಿ ಇದೆ" ಎಂದರು. "ಹಸಿದ ಜಾಗಕ್ಕೆ ಊಟ ಕೊಡೋಕೆ ನಮಗಾಗಲ್ಲ, ಸುಮ್ಮನಿರಿಸೋಕೂ ಆಗಲ್ಲ. ಆದರೆ ಸುಡಬಹುದು. ಬೆಳಕಿನ ಮಷೀನಿದೆ, ಚುಕ್ಕೆ ಚುಕ್ಕೆಯಾಗಿ ಸುಡುತ್ತೆ. ಹಸಿದದ್ದೇ ಇಲ್ಲ ಅಂದ್ಮೇಲೆ ಕರೆ ಇಲ್ಲ. ನೀವು ಆಮೇಲೆ ಕಾಲಿಗೆ ಎಷ್ಟು ಕರೆದರೂ ಅಲ್ಲಿ ಓಗೊಡೋರು ಯಾರೂ ಇರಲ್ಲ. ನಡುವಿನ ನೋಟ ಉಳಿಯುತ್ತೆ, ಅಂಚಿನದು ಹೋಗುತ್ತೆ."

"ನಡುವಿಂದು ಖಾತ್ರಿ ಉಳಿತೈತೇನ್ರಿ?" ಎಂದರು ಅಡಿವೆಪ್ಪ.

"ಉಳಿಸೋಕೇ ಇದು."

"ಸೂಜಿ ನಡುವ ಇರತೈತಿ ಬಿಡ್ರಿ. ಸುಡ್ರಿ."

"ಬೇರೆ ಕಡೆ ಅಂಚಿಗೆಲ್ಲ ಸುತ್ತಲೂ ಸುಡ್ತಾರೆ, ಯಾವುದು ಹಸಿದಿದೆ ಯಾವುದು ಇಲ್ಲ ಅಂತ ಕೇಳೋಕೆ ಅವರಿಗೆ ಕಿವಿ ಇಲ್ಲ. ಇಲ್ಲಿ ಕಾಶವ್ವ ಇದಾರೆ." ಅವರು ನನ್ನ ಕಡೆ ತಿರುಗಿದರು. "ನೀವು ಕಿವಿಯಿಟ್ಟು ಕೇಳಿ, ಕೂಗ್ತಿರೋದನ್ನಷ್ಟೇ ತೋರಿಸಿ. ಅಷ್ಟನ್ನೇ ಸುಡ್ತೀನಿ. ಉಳಿದಷ್ಟು ಉಳೀಲಿ."

ನಾನು ಎದ್ದು ನಿಂತೆ. "ಆಗಂಗಿಲ್ರಿ. ಹುಟ್ಟಿದಾಗಿಂದ ಹಸದಾವ್ರಿಗೆ ಬಾ ಅನ್ಕೋಂತ ಬಂದಾಕಿ ನಾ. ಬಟ್ಟು ಮಾಡಿ ತೋರ್ಸಿ ಸುಡಸಂದ್ರ ಹ್ಯಾಂಗ ಸುಡಸ್ಲಿ? ನಿಮ್ಮ ಕಾಲಿಗೆ ಬೀಳತೀನಿ, ಬ್ಯಾರೆ ಯಾರನ್ನಾರ ನೋಡ್ರಿ."

ಮಾಬುಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಡಿವೆಪ್ಪ ಗೋಡೆಗೆ ಕೈಯಿಟ್ಟು ಒಂಟಿ ಕಾಲಲ್ಲಿ ಎದ್ದರು, ನಾನಿರುವ ದಿಕ್ಕನ್ನು ಅಂದಾಜು ಮಾಡಿ ಕೈ ಚಾಚಿದರು. "ಬ್ಯಾರೆಯವರು ನನ್ನ ಕಣ್ಣಿಗೆ ಕಿವಿ ಇಟ್ರ ನಿನಗ ಛಲೋ ಅನಸತೈತೇನಲೇ?" ಎಂದರು. ಇಂಥ ಹೊತ್ತಿನಲ್ಲೂ ಇಂಥ ಮಾತು. ನನಗೆ ನಗು ಬಂತು, ನಗುತ್ತಲೇ ಅಳುವೂ ಬಂತು, ಆಯಿತೆಂದೆ.

ಮರುದಿನ ಮಧ್ಯಾಹ್ನ ದವಾಖಾನೆಯ ಒಳಕೋಣೆಗೆ ಪರದೆ ಎಳೆದು ಕತ್ತಲು ಮಾಡಿದರು. ಅಡಿವೆಪ್ಪ ಮಷೀನಿನ ಪಟ್ಟಿಗೆ ಗದ್ದವಿಟ್ಟು ಕೂತರು. ನಾನು ಅವರ ಪಕ್ಕದಲ್ಲಿ ಕೂತು ಕೆನ್ನೆಯ ಮೇಲ್ಭಾಗಕ್ಕೆ ಕಿವಿಯೊತ್ತಿದೆ. ಡಾಕ್ಟರ್ ಬಾಯಿ ಒಂದು ಪಾಟಿಯ ಮೇಲೆ ಬಳಪದಿಂದ ದೊಡ್ಡ ಸುತ್ತು ಬರೆದು ನನ್ನ ತೊಡೆಯ ಮೇಲಿಟ್ಟಿದ್ದರು. ಕೂಗು ಎಲ್ಲಿಂದ ಬಂತೋ ಸುತ್ತಿನ ಆ ಜಾಗದಲ್ಲಿ ಬೆರಳಿಡಬೇಕು.

ಮೊದಲು ತಿಳಿಪೊರೆಯ ಬೇಡ ಬೇಡ ಕೇಳಿತು. ಅದರ ಹಿಂದೆ ತುಸು ಹೊತ್ತು ಏನೂ ಇಲ್ಲ. ಆಮೇಲೆ ಒಂದೊಂದಾಗಿ ಕೇಳತೊಡಗಿದವು. ನಾನು ಎಂಥೆಂಥ ಗಾಯಗಳ ದನಿ ಕೇಳಿದವಳು, ಇಷ್ಟು ಎಳೆಯ ದನಿ ಕೇಳಿರಲಿಲ್ಲ. ಊಟದ ಪಂಕ್ತಿಯ ಕಟ್ಟಕಡೆಗೆ ಕೂತು, ಬಡಿಸುವವರು ತಮ್ಮ ತನಕ ಬರುತ್ತಾರೋ ಬರುವುದರೊಳಗೆ ಮುಗಿದೇಹೋಗುತ್ತದೋ ಎಂದು ಕತ್ತೆತ್ತಿ ನೋಡುವ ಮಕ್ಕಳಿರುತ್ತಾರಲ್ಲ, ಅಂಥ ದನಿ. ಸಿಟ್ಟಿಲ್ಲ, ಹಟವಿಲ್ಲ. ನಾವೂ ಇದ್ದೇವೆ ಎನ್ನುವಷ್ಟೇ. ನನ್ನ ನಾಲಿಗೆ ತುದಿಗೆ "ಬಾ" ಬಂದುಬಿಟ್ಟಿತು. ಸೆರಗನ್ನು ಬಾಯಿಗೆ ತುರುಕಿ ಕಚ್ಚಿದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕೂಗುತ್ತಿದ್ದದ್ದು ಮೇಲಿನ ಅಂಚಿನಲ್ಲಿತ್ತು. ಅಲ್ಲಿ ಮೊದಲು ಬೆರಳಿಟ್ಟೆ. ಟಿಕ್ ಎಂದಿತು ಮಷೀನು. ಕೂಗು ಅರ್ಧ ಮಾತಿನಲ್ಲೇ ನಿಂತಿತು. ಅದರ ಪಕ್ಕದ್ದಕ್ಕೆ ಬೆರಳಿಟ್ಟೆ, ಅದೂ ನಿಂತಿತು. ಬೆರಳಿಟ್ಟೆ, ನಿಂತಿತು. ಒಂದು ಸತ್ತಾಗ ಪಕ್ಕದ್ದು ಹೆದರಿ ಸುಮ್ಮನಾಗುತ್ತದೆಂದುಕೊಂಡಿದ್ದೆ. ಹಾಗಾಗಲಿಲ್ಲ. ಅವಕ್ಕೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತೇ ಇರಲಿಲ್ಲ, ಪ್ರತಿಯೊಂದೂ ತನ್ನ ಸರದಿ ಬಂತೆಂದೇ ಕೂಗುತ್ತಿತ್ತು. ಒಂದು ಕಣ್ಣು ಮುಗಿಸಿ ಇನ್ನೊಂದಕ್ಕೆ ಹೋದೆವು, ಅಲ್ಲೂ ಮೇಲಂಚಿನದೇ ಗಟ್ಟಿ ಕೂಗು. ಅಡಿವೆಪ್ಪ ಒಮ್ಮೆಯೂ ನೋವೆನ್ನಲಿಲ್ಲ. ಅವರ ಕೆನ್ನೆ ಒದ್ದೆಯಾದದ್ದು ಅವರ ಕಣ್ಣೀರಿನಿಂದಲೋ ನನ್ನದರಿಂದಲೋ ಹೇಳಲಾರೆ.

"ಇನ್ನೂ ಇದೆಯಾ?" ಎಂದು ಡಾಕ್ಟರ್ ಬಾಯಿ ಕೇಳಿದರು.

ಉಸಿರು ಬಿಗಿಹಿಡಿದು ಕೇಳಿದೆ. ಒಂದಿತ್ತು. ಸುತ್ತಿನ ಬಲಗಡೆಯ ಮೂಲೆಯಲ್ಲಿ, ಇದ್ದೂ ಇಲ್ಲದಷ್ಟು ಸಣ್ಣಗೆ. ಒಂದೇ ಅಲ್ಲವೇ ಎಂದುಕೊಂಡೆ. ಒಂದು ಹಸಿದ ಕೂಸು ಉಳಿದರೆ ಯಾರ ಗಂಟು ಹೋಗುತ್ತದೆ? ಆದರೆ ಕರೆಯುವವಳಿಗೆ ಗೊತ್ತು, ಒಂದಿದ್ದರೆ ಸಾಕು. ನಾನು ಮುಂದೆ ಕಾಲಿಗೆ ಕರೆದಾಗ ಅದು ಕೇಳಿಸಿಕೊಳ್ಳುತ್ತದೆ, ದನಿ ಬೆಳೆಸುತ್ತದೆ, ಸೋರುವ ನಾಳಗಳನ್ನು ಮತ್ತೆ ಕರೆತರುತ್ತದೆ.

"ಯಾಕ ಸುಮ್ಮನಾದಿ? ಹೇಳ ಅವರಿಗೆ" ಎಂದರು ಅಡಿವೆಪ್ಪ.

ಬೆರಳಿಟ್ಟೆ.

ಆಮೇಲೆ ಬೇಡ ಬೇಡ ಎನ್ನುವ ತಿಳಿಪೊರೆಯೊಂದೇ ಗುನುಗುತ್ತಿತ್ತು. ಬಾಗಿಲಲ್ಲಿ ಮಾಬುಬಿ ನನ್ನ ಕೈಹಿಡಿದು ಹೊರಗೆ ಕರೆತಂದಳು. ಡಾಕ್ಟರ್ ಬಾಯಿ ಚೀಟಿ ಬರೆದುಕೊಡುತ್ತ, "ಕಣ್ಣೊಳಗೆ ಎಲ್ಲ ತಲೆಕೆಳಗು ಕಾಶವ್ವ. ಮೇಲಿನ ಅಂಚು ನೋಡೋದು ಕೆಳಗಿರೋದನ್ನ. ಮೇಲೇ ಜಾಸ್ತಿ ಸುಟ್ಟಿರೋದ್ರಿಂದ ಕೆಳಗಡೆದು ಇವರಿಗೆ ಕಾಣಲ್ಲ. ಮೆಟ್ಟಿಲು ಇಳೀವಾಗ ಕೈ ಹಿಡೀರಿ" ಎಂದರು. ಹೂಂ ಎಂದೆ. ಕೈ ಹಿಡಿದು ಮೆಟ್ಟಿಲು ಇಳಿಸಿದೆ. ಅದಕ್ಕಿಂತ ಹೆಚ್ಚು ಯೋಚಿಸುವ ಶಕ್ತಿ ಅಂದು ನನಗಿರಲಿಲ್ಲ.

ಕಣ್ಣಿನ ಕೆಂಪು ಇಳಿದ ಮೇಲೆ, ಕಾಲಿಗೆ ಕರೆಯಬಹುದು ಎಂದು ಡಾಕ್ಟರ್ ಬಾಯಿ ಹೇಳಿಕಳಿಸಿದರು. ಸಂಜೆಯ ಬಿಸಿಲು ಪಡಸಾಲೆಗೆ ಬಿದ್ದಿತ್ತು. ಅಡಿವೆಪ್ಪ ಮಷೀನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೊದಲ ಸಲಕ್ಕೇ ಪೋಣಿಸಿದರು. "ನೋಡಿದೇನಲೇ!" ಎಂದು ಹುಡುಗನಂತೆ ಕೂಗಿದರು. ನಾನು ಅವರ ಕಾಲನ್ನು ಸ್ಟೂಲಿನ ಮೇಲಿಟ್ಟು ಪಟ್ಟಿ ಬಿಚ್ಚಿ, ಎಂದಿನಂತೆ ಚಾಪೆಯ ಮೇಲೆ ಕೂತೆ. ಬೆರಳು ತೆಗೆದ ಜಾಗ ಬಿಳಿಚಿಕೊಂಡು ಕಾಯುತ್ತಿತ್ತು. ಬಾಯಿ ಹತ್ತಿರ ಒಯ್ದೆ. ಕರೆ ಹೊರಡಲಿಲ್ಲ. ಅಂದು ಸೆರಗು ತುರುಕಿ ಕಚ್ಚಿದ ಅದೇ ಬಾಯಿ.

ಮೇಲೆ ಅವರ ಕೈ ನಿಂತಿತು. "ಎಲ್ಲಿ ಹ್ವಾದಿ?"

"ಎಲ್ಲೀ ಹೋಗಿಲ್ರಿ. ಇಲ್ಲೇ ಅದೀನಿ."

ಅವರು ಬಾಗಿಲ ಕಡೆ ನೋಡಿದರು, ಒಲೆಯ ಕಡೆ ನೋಡಿದರು. "ಇಲ್ಲೇ ಅಂದ್ರ ಎಲ್ಲಿ?"

"ನಿಮ್ಮ ಕಾಲ ಬುಡಕ."

ಅವರು ತಲೆ ಬಗ್ಗಿಸಲಿಲ್ಲ. ಮೂವತ್ತು ವರ್ಷ ತಲೆ ಬಗ್ಗಿಸುವ ಅಗತ್ಯವೇ ಬಿದ್ದಿರಲಿಲ್ಲ. ಮಷೀನಿನಿಂದ ಕಣ್ಣೆತ್ತದೆಯೇ ಕೆಳಗೆ ಕೂತ ನನ್ನ ಜೊತೆ ಮಾತಾಡಿಕೊಂಡು ಬಂದವರು ಅವರು. ಈಗಲೂ ಹಾಗೆಯೇ ಸೂಜಿಯನ್ನು ನೋಡುತ್ತ, ಕೆಳಗೆ ನಾನು ಕಂಡೇನೆಂದು ಕಾದರು.

"ಸೂಜಿ ಕಾಣತೈತಿ, ಬಟ್ಟಿ ಕಾಣತೈತಿ" ಎಂದರು. "ನೀನೊಬ್ಬಾಕಿ ಕಾಣಸವಲ್ಲಿ ನೋಡು."

ಆಗ ನನಗೆ ತಿಳಿಯಿತು. ಪಾಟಿಯ ಮೇಲೆ ನಾನು ಎಲ್ಲಕ್ಕಿಂತ ಮೊದಲು ಬೆರಳಿಟ್ಟ ಜಾಗ, ಇಷ್ಟು ವರ್ಷ ನಾನು ಕೂತಿದ್ದ ಜಾಗ. ಎಲ್ಲಕ್ಕಿಂತ ಗಟ್ಟಿಯಾಗಿ ಕೂಗಿದ್ದು ಅವರ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದ ಭಾಗ.

"ಕಾಣದಿದ್ರ ಇರಲಿ. ಹೊಲೀರಿ ನೀವು" ಎಂದೆ. ಅವರು ಮಷೀನಿನ ಚಕ್ರ ಕೈಯಿಂದ ತಿರುಗಿಸಿದರು. ನಾನು ಬಾಗಿ, ಗಾಯದ ಹತ್ತಿರ ಬಾಯಿ ತಂದು, ಬಾ ಎಂದೆ. ಕಾಲು ಓಗೊಟ್ಟಿತು. ಮತ್ತೆ ಬಾ ಎಂದೆ.